ಸ್ವೀಡನ್‌ನಲ್ಲಿ ಊಟ, ಕಾಫಿ, ಹೋಟೆಲು: ಹೊಸದಾಗಿ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಅಪ್ಪ-ಅಮ್ಮ ಬರುವಾಗ, ಗೆಳೆಯರು ಆಫೀಸ್ ಕೆಲಸದ ಮೇಲೆ ಬರುವಾಗ, ಹುಡುಗರು ಓದಲು ಬರುವಾಗ ಮೊದಲು ಕೇಳುವುದು ಚಳಿಯ ಬಗ್ಗೆ. ಆಮೇಲೆ ಬರುವ ಪ್ರಶ್ನೆಗಳೆಲ್ಲ ಊಟದ್ದೇ. ಅವುಗಳಿಗೆ ನನಗೆ ತಿಳಿದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಊಟ ಗಡಿಯಾರವನ್ನೂ ಕ್ಯಾಲೆಂಡರನ್ನೂ ನೋಡಿಕೊಂಡು ನಡೆಯುತ್ತದೆ. ಯಾವ ಹೊತ್ತಿಗೆ, ಯಾವ ವಾರ, ಯಾವ ತಿಂಗಳಲ್ಲಿ ಏನು ಸಿಗುತ್ತದೆ ಅಂತ ತಿಳಿದುಕೊಂಡು ಬಂದರೆ ಕಡಿಮೆ ದುಡ್ಡಿನಲ್ಲಿ ತುಂಬಾ ಚೆನ್ನಾಗಿ ತಿನ್ನಬಹುದು.

ಊಟದ ಹೊತ್ತು ಯಾವುದು? ರಾತ್ರಿ ಎಷ್ಟು ಗಂಟೆಯವರೆಗೆ ಹೋಟೆಲ್ ತೆರೆದಿರುತ್ತದೆ?

ಮಧ್ಯಾಹ್ನದ ಊಟ ಹನ್ನೊಂದೂವರೆಗೇ ಶುರು. ಹನ್ನೆರಡಕ್ಕೆ ಎಲ್ಲ ಕಡೆ ಸಾಲು ಇರುತ್ತದೆ. ಒಂದೂವರೆ ಹೊತ್ತಿಗೆ ಪಾತ್ರೆ ಖಾಲಿಯಾಗುತ್ತಾ ಬರುತ್ತದೆ. ರಾತ್ರಿ ಊಟ ಮನೆಗಳಲ್ಲಿ ಸಂಜೆ ಐದರಿಂದ ಏಳರೊಳಗೆ ಮುಗಿಯುತ್ತದೆ. ಹೋಟೆಲ್‌ಗಳಲ್ಲಿ ಸ್ವಲ್ಪ ತಡ, ಆದರೂ ಒಂಬತ್ತು, ಒಂಬತ್ತೂವರೆಗೆ ಬಹಳಷ್ಟು ಅಡುಗೆಮನೆಗಳು ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ಬಾಗಿಲು ಹನ್ನೊಂದರವರೆಗೆ ತೆರೆದಿದ್ದರೂ ಅಷ್ಟೊತ್ತಿಗೆ ಸಿಗುವುದು ಕುಡಿಯಲು ಮಾತ್ರ. ನಮ್ಮ ಅಭ್ಯಾಸದಂತೆ ಒಂಬತ್ತೂವರೆಗೆ "ಎಲ್ಲಾದರೂ ಹೋಗಿ ತಿನ್ನೋಣ" ಅಂತ ಹೊರಟರೆ ಪಿಜ್ಜಾ ಅಂಗಡಿ, ಬರ್ಗರ್ ಅಂಗಡಿ, ಫಲಾಫೆಲ್ ಅಂಗಡಿ ಬಿಟ್ಟು ಬೇರೆ ಗತಿ ಇಲ್ಲ. ಸಣ್ಣ ಊರುಗಳಲ್ಲಿ ಅದೂ ಅನುಮಾನ.

ಭಾನುವಾರ, ಸೋಮವಾರ ಅನೇಕ ಹೋಟೆಲ್‌ಗಳಿಗೆ ರಜೆ. ಇನ್ನೊಂದು ವಿಷಯ ಪ್ರವಾಸಿಗರಿಗೆ ಗೊತ್ತೇ ಇರುವುದಿಲ್ಲ. ಜುಲೈನಲ್ಲಿ ಸ್ಟಾಕ್‌ಹೋಮ್‌ನ ಎಷ್ಟೋ ಒಳ್ಳೆಯ ಹೋಟೆಲ್‌ಗಳು ವಾರಗಟ್ಟಲೆ ಮುಚ್ಚಿರುತ್ತವೆ, ಯಾಕೆಂದರೆ ಇಡೀ ದೇಶ ಬೇಸಿಗೆ ರಜೆಗೆ ಹೋಗಿರುತ್ತದೆ. ಡಿಸೆಂಬರ್ 24ರಂದು ಮತ್ತು ಜೂನ್‌ನಲ್ಲಿ ಬರುವ ಮಿಡ್‌ಸೊಮ್ಮರ್ ಹಬ್ಬದ ದಿನ ನಗರ ಹೆಚ್ಚುಕಡಿಮೆ ಖಾಲಿ. ಆ ದಿನಗಳಿಗೆ ಹಿಂದಿನ ದಿನವೇ ಅಂಗಡಿಯಿಂದ ತಂದಿಟ್ಟುಕೊಳ್ಳಿ.

ಸ್ವೀಡನ್‌ನಲ್ಲಿ ಹೊರಗೆ ತಿಂದರೆ ಸಿಕ್ಕಾಪಟ್ಟೆ ದುಬಾರಿ ಅಂತಾರೆ. ನಿಜವಾ?

ರಾತ್ರಿ ಊಟ ದುಬಾರಿ, ನಿಜ. ಒಂದು ಕ್ರೋನ ಅಂದರೆ ಎಂಟರಿಂದ ಹತ್ತು ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಸಾಧಾರಣ ಹೋಟೆಲ್‌ನಲ್ಲಿ ರಾತ್ರಿ ಒಂದು ಮುಖ್ಯ ತಟ್ಟೆಗೆ ಸುಮಾರು 200ರಿಂದ 350 ಕ್ರೋನ ಆಗುತ್ತದೆ. ಕುಡಿಯಲು ಬೇರೆ, ಸಿಹಿಗೆ ಬೇರೆ.

ಆದರೆ ಮಧ್ಯಾಹ್ನದ ಲೆಕ್ಕವೇ ಬೇರೆ. ಸೋಮವಾರದಿಂದ ಶುಕ್ರವಾರದವರೆಗೆ ಹೋಟೆಲ್ ಬಾಗಿಲಲ್ಲಿ ಒಂದು ಬೋರ್ಡ್ ಇಟ್ಟಿರುತ್ತಾರೆ: "ದಾಗೆನ್ಸ್ ಲಂಚ್", ಅಂದರೆ ಆ ದಿನದ ಊಟ. ಸುಮಾರು 120ರಿಂದ 165 ಕ್ರೋನ. ಸಾಮಾನ್ಯವಾಗಿ ಮೂರು ಆಯ್ಕೆ ಇರುತ್ತವೆ: ಒಂದು ಮಾಂಸದ್ದು, ಒಂದು ಮೀನಿನದು, ಒಂದು ಸಸ್ಯಾಹಾರಿ. ಒಳಗೆ ಹೋದ ತಕ್ಷಣ ಕೌಂಟರ್‌ನಲ್ಲಿ ದುಡ್ಡು ಕೊಡಬೇಕು. ಆಮೇಲೆ ಟ್ರೇ ಹಿಡಿದುಕೊಂಡು ಸಲಾಡ್ ಮೇಜಿನ ಹತ್ತಿರ ಹೋಗುತ್ತೀರಿ. ಹೆಚ್ಚಿದ ಕೋಸು, ತುರಿದ ಕ್ಯಾರೆಟ್, ಬೇಯಿಸಿದ ಕಾಳು, ಉಪ್ಪಿನ ನೀರಲ್ಲಿ ಹಾಕಿದ ಸೌತೆಕಾಯಿ, ಬೀಟ್‌ರೂಟ್, ಪಕ್ಕದಲ್ಲಿ ಬ್ರೆಡ್ಡು, ಬೆಣ್ಣೆ, ರೈ ಹಿಟ್ಟಿನ ಗರಿಗರಿ ರೊಟ್ಟಿ. ಇದೆಲ್ಲ ಬೇಕಾದಷ್ಟು ಹಾಕಿಕೊಳ್ಳಬಹುದು. ಬಿಸಿ ತಟ್ಟೆ ಬೇರೆ ಬರುತ್ತದೆ. ಕುಡಿಯಲು ನೀರು, ಕೊನೆಗೆ ಕಾಫಿ, ಕೆಲವು ಕಡೆ ಜೊತೆಗೊಂದು ಬಿಸ್ಕತ್ತು. ಎಲ್ಲ ಅದೇ ದುಡ್ಡಿನಲ್ಲಿ. ರಾತ್ರಿ ದುಪ್ಪಟ್ಟು ಬೆಲೆ ಹೇಳುವ ಹೋಟೆಲ್‌ನ ಅದೇ ಅಡುಗೆಮನೆಯ ರುಚಿ ಮಧ್ಯಾಹ್ನ ಈ ಬೆಲೆಗೆ ಸಿಗುತ್ತದೆ. ಹಾಗಾಗಿ ಬಂದವರಿಗೆಲ್ಲ ನಾನು ಹೇಳುವುದು ಇಷ್ಟೇ: ದೊಡ್ಡ ಊಟ ಮಧ್ಯಾಹ್ನ ಮಾಡಿ, ರಾತ್ರಿ ಹಗುರಾಗಿ ಮುಗಿಸಿ. ತಿಂದ ಮೇಲೆ ಟ್ರೇಯನ್ನು ನೀವೇ ಎತ್ತಿಕೊಂಡು ಹೋಗಿ ರ‍್ಯಾಕ್‌ನಲ್ಲಿ ಇಡಬೇಕು. ಕೆಫೆಗಳಲ್ಲೂ ಹಾಗೆಯೇ.

ಮಧ್ಯಾಹ್ನ ಬಿಸಿ ಊಟ ಮಾಡುವುದನ್ನು ಇವರು ಚಿಕ್ಕಂದಿನಿಂದಲೇ ಕಲಿಯುತ್ತಾರೆ. ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಬಿಸಿಯೂಟ ಇದೆ. 1946ರಿಂದ ಸರ್ಕಾರ ಇದಕ್ಕೆ ಅನುದಾನ ಕೊಡಲು ಶುರು ಮಾಡಿತು. ಬಡವರ ಮಕ್ಕಳು, ಸಾಹುಕಾರರ ಮಕ್ಕಳು ಒಂದೇ ಮೇಜಿನಲ್ಲಿ ಒಂದೇ ಊಟ ಮಾಡುತ್ತಾರೆ. ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ವಿಷಯಗಳಲ್ಲಿ ಇದೂ ಒಂದು.

ನಾವು ಸಸ್ಯಾಹಾರಿಗಳು. ಬರೀ ಬ್ರೆಡ್ಡು, ಆಲೂಗಡ್ಡೆ ತಿಂದುಕೊಂಡು ಇರಬೇಕಾ?

ಖಂಡಿತ ಇಲ್ಲ. ನಗರಗಳಲ್ಲಿ ಸಸ್ಯಾಹಾರ ಸಿಗದ ಹೋಟೆಲ್ ಅಪರೂಪ. ಮೆನುವಿನಲ್ಲಿ "ವೆಗೋ" ಅಥವಾ "ವೆಗೆಟಾರಿಸ್ಕ್" ಅಂತ ಬರೆದಿರುತ್ತಾರೆ. "ವೆಗಾನ್ಸ್ಕ್" ಅಂದರೆ ಹಾಲು, ಮೊಟ್ಟೆ ಕೂಡ ಇಲ್ಲ. 1968ರಲ್ಲಿ ಉತ್ತರದ ಯೆಲ್ಲಿವಾರೆಯಲ್ಲಿ ಶುರುವಾದ ಮ್ಯಾಕ್ಸ್ ಅನ್ನುವ ಬರ್ಗರ್ ಅಂಗಡಿ ಈಗ ದೇಶದ ತುಂಬ ಇದೆ. ಅಲ್ಲೂ ಸಸ್ಯಾಹಾರಿ ಬರ್ಗರ್‌ಗಳು ಹಲವು ಬಗೆ. ಫಲಾಫೆಲ್ ಎಲ್ಲ ಊರಲ್ಲೂ ಸಿಗುತ್ತದೆ, ಹೊಟ್ಟೆ ತುಂಬುತ್ತದೆ, ಅಗ್ಗ ಕೂಡ. ಹಲ್ಲೂಮಿ ಅನ್ನುವ ಕಾಯಿಸಿದ ಚೀಸ್ ಇಲ್ಲಿಯವರಿಗೆ ಪ್ರಾಣ. ಪನೀರ್ ಇಷ್ಟಪಡುವ ನಮ್ಮವರಿಗೂ ಬೇಗ ಒಗ್ಗುತ್ತದೆ. ಪಿಜ್ಜಾ ಅಂಗಡಿಗೆ ಹೋದರೆ ಸಣ್ಣಗೆ ಹೆಚ್ಚಿದ ಕೋಸಿಗೆ ವಿನೆಗರ್, ಎಣ್ಣೆ, ಓರೆಗಾನೋ ಕಲಸಿದ "ಪಿಜ್ಜಾ ಸಲಾಡ್" ಸುಮ್ನೆ ಕೊಡುತ್ತಾರೆ. ಇಟಲಿಯಲ್ಲಿ ಇದು ಇಲ್ಲ, ಸ್ವೀಡನ್‌ನ ಪಿಜ್ಜಾ ಅಂಗಡಿಗಳ ಪದ್ಧತಿ.

ಎಚ್ಚರ ಬೇಕಾಗಿರುವುದು ನೋಡಲು ಸಸ್ಯಾಹಾರಿಯ ಹಾಗೆ ಕಾಣುವ ತಿನಿಸುಗಳ ಬಗ್ಗೆ. ಉದ್ದುದ್ದ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ಕೆನೆ ಹಾಕಿ ಓವನ್‌ನಲ್ಲಿ ಬೇಯಿಸಿದ "ಯಾನ್ಸೋನ್ಸ್ ಫ್ರೆಸ್ಟೆಲ್ಸೆ" ನೋಡಿದರೆ ಕೈ ತಾನಾಗಿ ಹೋಗುತ್ತದೆ. ಅದರೊಳಗೆ ಸಣ್ಣ ಮೀನು ಇರುತ್ತದೆ. ಅದರ ರುಚಿಯೇ ಆ ಮೀನಿನದು. ಹಳದಿ ಬಟಾಣಿ ಸೂಪ್ ನಮ್ಮ ಬೇಳೆ ಸಾರಿನ ಬಣ್ಣದಲ್ಲೇ ಇರುತ್ತದೆ, ಆದರೆ ಅದಕ್ಕೆ ಹಂದಿಮಾಂಸ ಹಾಕುವುದು ರೂಢಿ. ಆಲೂಗಡ್ಡೆ ತುರಿದು ಮಾಡುವ "ರಗ್‌ಮುಂಕ್" ದೋಸೆಯ ಜೊತೆ ಹುರಿದ ಹಂದಿಮಾಂಸ ಬರುತ್ತದೆ. ಅದಿಲ್ಲದೆ ಬರೀ ಲಿಂಗೋನ್ ಅನ್ನುವ ಕೆಂಪು ಕಾಡುಹಣ್ಣಿನ ಜಾಮ್ ಜೊತೆ ಕೊಡಿ ಅಂತ ಕೇಳಿ, ಕೊಡುತ್ತಾರೆ. ಹಂದಿಮಾಂಸ ಕಾಯಿಸಿದ ಬಾಣಲೆಯಲ್ಲೇ ಮಾಡುತ್ತೀರಾ ಅಂತಲೂ ಕೇಳಿಕೊಳ್ಳಿ. ಇನ್ನು ನೀಲಿ ಟ್ಯೂಬ್‌ನಲ್ಲಿ ಬರುವ "ಕಾಲ್ಲೆಸ್" ಮೀನಿನ ಮೊಟ್ಟೆಯದು. ಬ್ರೆಡ್ ಮೇಲೆ ಹಚ್ಚಿಕೊಳ್ಳುವ ಸಾಸ್ ಅಂತ ತಿಳಿದು ತಿನ್ನಬೇಡಿ.

ಬಹಳ ಕಟ್ಟುನಿಟ್ಟಾಗಿರುವವರು ಎರಡು ಪದ ನೆನಪಿಟ್ಟುಕೊಳ್ಳಿ. "ಲೋಪೆ" ಅಂದರೆ ಚೀಸ್ ಮಾಡಲು ಹಾಲು ಒಡೆಸುವ ಪದಾರ್ಥ, ಅದು ಕರುವಿನ ಹೊಟ್ಟೆಯದೂ ಆಗಿರಬಹುದು. ಮಿಠಾಯಿಗಳಲ್ಲಿ "ಜೆಲಟೀನ್" ಇದ್ದರೆ ಅದು ಪ್ರಾಣಿಯಿಂದ ಬಂದದ್ದು. ಬನ್ನುಗಳ ಮೇಲೆ ಹೊಳಪಿಗೆ ಮೊಟ್ಟೆ ಸವರುವುದು ರೂಢಿ. ಮೊಟ್ಟೆ ಬೇಡದವರು ವೆಗಾನ್ ಬನ್ ಕೇಳಿ. ದೊಡ್ಡ ನಗರಗಳ ಎಷ್ಟೋ ಕೆಫೆಗಳಲ್ಲಿ ಇರುತ್ತದೆ.

ಕೇಳಲು ಸಂಕೋಚ ಬೇಡವೇ ಬೇಡ. ಬಡಿಸುವವರಿಗೆ ಇಂಗ್ಲಿಷ್ ಬರುತ್ತದೆ. ಅಲರ್ಜಿ ಮತ್ತು ಪಥ್ಯದ ವಿಷಯವನ್ನು ಇಲ್ಲಿ ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದು ಹೇಳುತ್ತಾರೆ.

ಚಿಕನ್, ಮೀನು ಆಗುತ್ತದೆ, ದನದ ಮಾಂಸ ಬೇಡ. ಹೇಗೆ ಗುರುತಿಸುವುದು?

"ನೋಟ್" ಅಂತ ಶುರುವಾದರೆ ದನದ್ದು. ಕಡಲೆಬೀಜ, ಬಾದಾಮಿ ಜಾತಿಯ ಬೀಜಗಳಿಗೂ "ನೋಟ್ಟೆರ್" ಅನ್ನುವುದರಿಂದ ಇಲ್ಲಿ ಗೊಂದಲ ಆಗುತ್ತದೆ, ಕೇಳಿಯೇ ತೆಗೆದುಕೊಳ್ಳಿ. "ಫ್ಲೆಸ್ಕ್", "ಶಿಂಕಾ" ಹಂದಿಯದು. "ಶಿಕ್ಲಿಂಗ್" ಕೋಳಿ, "ಲಾಮ್" ಕುರಿಮರಿ, "ಲಾಕ್ಸ್" ಸಾಲ್ಮನ್ ಮೀನು. ಪ್ರಸಿದ್ಧವಾದ ಮಾಂಸದುಂಡೆ "ಶೆಟ್‌ಬುಲ್ಲರ್" ಹೆಚ್ಚಾಗಿ ದನ ಮತ್ತು ಹಂದಿ ಎರಡನ್ನೂ ಬೆರೆಸಿ ಮಾಡಿದ್ದು. ಬೆಂಗಳೂರಿನ ನಾಗಸಂದ್ರದ ಐಕಿಯಾಗೆ ಹೋದವರಿಗೆ ಉಂಡೆ, ಆಲೂಗಡ್ಡೆ, ಲಿಂಗೋನ್ ಜಾಮ್ ಇರುವ ತಟ್ಟೆ ಪರಿಚಯ ಇರುತ್ತದೆ. ಅಲ್ಲಿಯದನ್ನು ನೋಡಿ ಇಲ್ಲೂ ಅದೇ ಮಾಂಸ ಇರುತ್ತದೆ ಅಂದುಕೊಳ್ಳಬೇಡಿ. ಇಲ್ಲಿನ ಐಕಿಯಾದಲ್ಲಿ ಗಿಡಮೂಲದ ಉಂಡೆಯೂ ಸಿಗುತ್ತದೆ.

ಎಲ್ಲರೂ ಫೀಕಾ ಫೀಕಾ ಅಂತಾರೆ. ಅದು ಕಾಫಿ ಬ್ರೇಕ್ ತಾನೇ?

ಕಾಫಿ, ಜೊತೆಗೆ ಏನಾದರೂ ಸಿಹಿ, ಜೊತೆಗೆ ಒಬ್ಬ ಮನುಷ್ಯ. ಈ ಮೂರೂ ಸೇರಿದರೆ ಫೀಕಾ. ಆಫೀಸ್‌ಗಳಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಎಲ್ಲರೂ ಎದ್ದು ಹೋಗಿ ಕೂತು ಮಾತಾಡುತ್ತಾರೆ. ಮ್ಯಾನೇಜರೂ ಬರುತ್ತಾರೆ, ಹೊಸದಾಗಿ ಸೇರಿದವರೂ ಬರುತ್ತಾರೆ. ಕೆಲಸಕ್ಕೆ ಬಂದಿರುವ ನಮ್ಮ ಹುಡುಗರು "ಕೆಲಸ ಇದೆ" ಅಂತ ಕಪ್ಪನ್ನು ಕಂಪ್ಯೂಟರ್ ಮುಂದೆ ತಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪರಿಚಯ ಬೆಳೆಯುವುದು, ಸಣ್ಣಪುಟ್ಟ ಸಮಸ್ಯೆ ಬಗೆಹರಿಯುವುದು ಆ ಕಾಲು ಗಂಟೆಯಲ್ಲೇ.

ತಿನ್ನಲು ಏನು? ದಾಲ್ಚಿನ್ನಿ ಬನ್ "ಕನೇಲ್‌ಬುಲ್ಲೆ" ಎಲ್ಲರಿಗೂ ಗೊತ್ತು. ಅಕ್ಟೋಬರ್ 4 ಅದರ ದಿನ, 1999ರಿಂದ ಆಚರಿಸುತ್ತಾರೆ. ಆದರೆ ನಮ್ಮವರು ಮೊದಲು ತಿನ್ನಬೇಕಾದ್ದು ಅದರ ಪಕ್ಕದಲ್ಲಿರುವ "ಕಾರ್ದೆಮುಮ್ಮಾಬುಲ್ಲೆ", ಏಲಕ್ಕಿ ಬನ್. ಹಿಟ್ಟನ್ನು ಪಟ್ಟಿ ಮಾಡಿ, ತಿರುಚಿ, ಗಂಟು ಹಾಕಿ ಬೇಯಿಸಿರುತ್ತಾರೆ. ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡಿರುವುದಿಲ್ಲ. ಕಪ್ಪು ಕಾಳುಗಳನ್ನು ತರಿತರಿಯಾಗಿ ಕುಟ್ಟಿ, ಬೆಣ್ಣೆ, ಸಕ್ಕರೆ ಜೊತೆ ಹಿಟ್ಟಿನ ಮಡಿಕೆಯೊಳಗೂ ಮೇಲೂ ಉದುರಿಸುತ್ತಾರೆ. ಕಚ್ಚಿದರೆ ಕಾಳು ಹಲ್ಲಿಗೆ ಸಿಕ್ಕಿ ಒಡೆಯುತ್ತದೆ, ಮೂಗಿನವರೆಗೆ ಘಮ್ ಅನ್ನುತ್ತದೆ. ಪಾಯಸಕ್ಕೆ ಒಂದೆರಡು ಏಲಕ್ಕಿ ಹಾಕಿ ಸಾಕು ಅನ್ನುವ ನಮಗೆ ಇಷ್ಟು ಧಾರಾಳವಾಗಿ ಏಲಕ್ಕಿ ಹಾಕುವ ಜನ ಭೂಮಿಯ ಉತ್ತರ ತುದಿಯಲ್ಲಿ ಸಿಗುತ್ತಾರೆ ಅಂತ ಯಾರೂ ಹೇಳಿರುವುದಿಲ್ಲ. ಬೆಳಿಗ್ಗೆ ಒಲೆಯಿಂದ ಇಳಿಸಿದ ಹೊತ್ತಿನಲ್ಲೇ ಹೋಗಿ. ಸಂಜೆ ಹೊತ್ತಿಗೆ ಗಟ್ಟಿಯಾಗಿರುತ್ತದೆ.

ಹಳೆಯ ಕಾಲದ ಕೆಫೆ ನೋಡಬೇಕಾದರೆ ಸ್ಟಾಕ್‌ಹೋಮ್‌ನ ಕುಂಗ್ಸ್‌ಗಾತನ್ ರಸ್ತೆಯಲ್ಲಿ 1928ರಿಂದ ಇರುವ ವೇಟೆ-ಕತ್ತೆನ್‌ಗೆ ಹೋಗಿ. ಅಲ್ಲಿ ಹಸಿರು ಬಣ್ಣದ ಬಾದಾಮಿ ಹಾಳೆ ಹೊದಿಸಿದ "ಪ್ರಿನ್ಸೆಸ್‌ಟೋರ್ಟಾ" ಕೇಕ್ ಕೇಳಿ.

ಕಾಫಿ ನಮ್ಮ ಫಿಲ್ಟರ್ ಕಾಫಿ ತರ ಇರುತ್ತದಾ?

ಇರುವುದಿಲ್ಲ. ಚಿಕೋರಿ ಇಲ್ಲ, ಹಾಲು ಬೆರೆಸಿ ಕೊಡುವುದಿಲ್ಲ. "ಬ್ರಿಗ್‌ಕಾಫೆ" ಅನ್ನುವುದು ಕಾಗದದ ಫಿಲ್ಟರ್‌ನಲ್ಲಿ ಇಳಿಸಿದ ಕಪ್ಪು ಕಾಫಿ. ಪಕ್ಕದಲ್ಲಿ ತಣ್ಣನೆಯ ಹಾಲು ಇಟ್ಟಿರುತ್ತಾರೆ, ಬೇಕಾದಷ್ಟು ಹಾಕಿಕೊಳ್ಳಿ. ಇಲ್ಲಿಯವರು ದಿನಕ್ಕೆ ಮೂರು ನಾಲ್ಕು ಕಪ್ ಸರಾಗವಾಗಿ ಕುಡಿಯುತ್ತಾರೆ. 1756ರಲ್ಲಿ ಕಾಫಿಯನ್ನು ನಿಷೇಧಿಸಿದ್ದರು, ಆಮೇಲೂ ಹಲವು ಸಲ ನಿಷೇಧ ಬಂತು, ಹೋಯಿತು. ಕುಡಿಯುವುದನ್ನು ಮಾತ್ರ ಯಾರಿಗೂ ನಿಲ್ಲಿಸಲು ಆಗಲಿಲ್ಲ. ಎಷ್ಟೋ ಕೆಫೆಗಳಲ್ಲಿ ಎರಡನೇ ಕಪ್ ಉಚಿತ ಅಥವಾ ತೀರಾ ಕಡಿಮೆ. ಅದಕ್ಕೆ "ಪೋಟೋರ್" ಅನ್ನುತ್ತಾರೆ, ಕೇಳಿ ನೋಡಿ. ಬಿಸಿ ಹಾಲಿನ ಕಾಫಿಯೇ ಬೇಕು ಅನ್ನುವವರು ಲಾಟೆ ತೆಗೆದುಕೊಳ್ಳಿ.

ತೀರಾ ಉತ್ತರಕ್ಕೆ ಹೋದರೆ ಕಾಫಿ ಒಳಗೆ ಚೀಸ್ ತುಂಡು ಹಾಕಿಕೊಡುತ್ತಾರೆ. ಹೆಸರು "ಕಾಫೆಓಸ್ಟ್". ಚೀಸ್ ಕರಗುವುದಿಲ್ಲ, ಕಾಫಿ ಹೀರಿಕೊಂಡು ಮೆತ್ತಗಾಗುತ್ತದೆ. ಕುಡಿದು ಮುಗಿಸಿ ಚಮಚದಲ್ಲಿ ಎತ್ತಿ ತಿನ್ನಬೇಕು. ಅಲ್ಲಿಗೆ ಹೋದವರು ಇದನ್ನು ಬಿಡಬೇಡಿ.

ಯಾವ ತಿಂಗಳಲ್ಲಿ ಬಂದರೆ ಏನು ತಿನ್ನಬಹುದು?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಖುಷಿ.

ಜನವರಿಯಿಂದಲೇ ಬೇಕರಿಗಳಲ್ಲಿ "ಸೆಮ್ಲಾ" ಕಾಣಿಸಿಕೊಳ್ಳುತ್ತದೆ. ಏಲಕ್ಕಿ ಹಾಕಿದ ಬನ್ನಿನ ತಲೆಯನ್ನು ಮುಚ್ಚಳದ ಹಾಗೆ ಕತ್ತರಿಸಿ, ಒಳಗೆ ಬಾದಾಮಿ ಹೂರಣ, ಅದರ ಮೇಲೆ ಎತ್ತರಕ್ಕೆ ಕಡೆದ ಕೆನೆ, ಮತ್ತೆ ಮುಚ್ಚಳ, ಮೇಲೆ ಸಕ್ಕರೆ ಪುಡಿ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ ಇದರ ದಿನ. ರಾಜ ಅಡಾಲ್ಫ್ ಫ್ರೆಡ್ರಿಕ್ 1771ರಲ್ಲಿ ಭಾರೀ ಭೋಜನ ಮಾಡಿ, ಕೊನೆಗೆ ಇದನ್ನು ತಿಂದು ತೀರಿಕೊಂಡ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಮಾರ್ಚ್ 25 ವಾಫಲ್ ದಿನ.

ಜೂನ್‌ನಲ್ಲಿ ಮಿಡ್‌ಸೊಮ್ಮರ್. ಹಬ್ಬದ ಮುನ್ನಾದಿನವೇ ಮುಖ್ಯ, ಅದು 19ರಿಂದ 25ರ ನಡುವಿನ ಶುಕ್ರವಾರ ಬರುತ್ತದೆ. ಉಪ್ಪು, ವಿನೆಗರ್, ಸಕ್ಕರೆಯಲ್ಲಿ ಹಾಕಿಟ್ಟ ಹೆರಿಂಗ್ ಮೀನು, ಹುಳಿ ಕೆನೆ, ಈಗಷ್ಟೇ ಕಿತ್ತ ಎಳೆ ಆಲೂಗಡ್ಡೆ, ಕೊನೆಗೆ ಸ್ಟ್ರಾಬೆರಿ. ಆಲೂಗಡ್ಡೆಯನ್ನು ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸುತ್ತಾರೆ. ಸಬ್ಬಸಿಗೆ ಈ ದೇಶದ ಸೊಪ್ಪು ಅಂದರೂ ತಪ್ಪಿಲ್ಲ. ಮೀನಿಗೆ, ಆಲೂಗಡ್ಡೆಗೆ, ಸಾಸಿಗೆ, ಉಪ್ಪಿನಕಾಯಿಗೆ ಎಲ್ಲದಕ್ಕೂ ಅದೇ. ಸಸ್ಯಾಹಾರಿಗಳಿಗೆ ಆ ಎಳೆ ಆಲೂಗಡ್ಡೆ, ಬೆಣ್ಣೆ, ಸಬ್ಬಸಿಗೆ, ಸ್ಟ್ರಾಬೆರಿ ಇಷ್ಟೇ ಹಬ್ಬದೂಟ ಆಗುತ್ತದೆ. ಇಲ್ಲಿನ ಜೂನ್ ಸ್ಟ್ರಾಬೆರಿಯ ಸಿಹಿ ಬೇರೆಲ್ಲೂ ನಾನು ಕಂಡಿಲ್ಲ. ಬೇಸಿಗೆಯ ಉದ್ದನೆಯ ಬೆಳಕಿನಲ್ಲಿ ಹಣ್ಣಾಗುವುದಕ್ಕೇ ಆ ರುಚಿ ಅನ್ನುತ್ತಾರೆ ಇಲ್ಲಿಯವರು.

ಜುಲೈ, ಆಗಸ್ಟ್‌ನಲ್ಲಿ ಕಾಡಿಗೆ ಹೋಗಿ. ಯಾರ ಕಾಡೇ ಆಗಲಿ, ಅಲ್ಲಿ ಓಡಾಡುವ, ಕಾಡುಹಣ್ಣು, ಅಣಬೆ ಕೀಳುವ ಹಕ್ಕು ಎಲ್ಲರಿಗೂ ಇದೆ. ಪ್ರವಾಸಿಗರಿಗೂ ಇದೆ. ಆ ಹಕ್ಕಿನ ಹೆಸರು "ಅಲ್ಲೆಮನ್ಸ್‌ರೆಟ್ಟೆನ್". ಮನೆಗಳ ತೋಟಕ್ಕೆ, ಬೆಳೆ ಇರುವ ಹೊಲಕ್ಕೆ ಮಾತ್ರ ಕಾಲಿಡಬಾರದು. ಜುಲೈನಲ್ಲಿ ಕಾಡಿನ ಬ್ಲೂಬೆರಿ, ಉತ್ತರದ ಜೌಗಿನಲ್ಲಿ ಚಿನ್ನದ ಬಣ್ಣದ "ಯೋರ್ಟ್ರೋನ್", ಆಗಸ್ಟ್ ಕೊನೆಗೆ ಕೆಂಪು ಲಿಂಗೋನ್. ಕಾಡಿನ ಬ್ಲೂಬೆರಿಯ ಒಳಗೂ ನೀಲಿ ಇರುತ್ತದೆ. ತಿಂದ ಮೇಲೆ ಬೆರಳು, ನಾಲಿಗೆ, ಹಲ್ಲು ಎಲ್ಲ ನೀಲಿ. ಹಳದಿ "ಕಾಂತರೆಲ್" ಅಣಬೆ ಬೆಣ್ಣೆಯಲ್ಲಿ ಹುರಿದು ಬ್ರೆಡ್ ಮೇಲೆ ಹಾಕಿಕೊಂಡರೆ ಅದಕ್ಕಿಂತ ಬೇರೆ ಬೇಡ. ಆದರೆ ಗೊತ್ತಿರುವವರು ಜೊತೆಗಿಲ್ಲದೆ ಅಣಬೆ ಕೀಳಬೇಡಿ. ಜೀವ ತೆಗೆಯುವ ಅಣಬೆಗಳೂ ಅದೇ ಕಾಡಿನಲ್ಲಿವೆ.

ಆಗಸ್ಟ್‌ನಲ್ಲೇ ಸಿಹಿನೀರಿನ ಸಿಗಡಿಯಂಥ ಕ್ರೇಫಿಶ್ ಹಬ್ಬ. ಸಬ್ಬಸಿಗೆ ಹೂವು ಹಾಕಿದ ಉಪ್ಪುನೀರಲ್ಲಿ ಬೇಯಿಸಿ, ತಣ್ಣಗೆ ಮಾಡಿ, ತಲೆಗೆ ಕಾಗದದ ಟೋಪಿ ಹಾಕಿಕೊಂಡು, ಹಾಡು ಹೇಳಿಕೊಂಡು, ಕೈಯಲ್ಲೇ ಸುಲಿದು ತಿನ್ನುತ್ತಾರೆ.

ಡಿಸೆಂಬರ್ 13 ಲೂಸಿಯಾ. ಕೇಸರಿ ಹಾಕಿದ, ಒಣದ್ರಾಕ್ಷಿ ಚುಚ್ಚಿದ "ಲುಸ್ಸೆಕತ್ತೆರ್" ಬನ್ ಆಗ ಎಲ್ಲೆಲ್ಲೂ ಸಿಗುತ್ತದೆ. ನವೆಂಬರ್ ಕೊನೆಯಿಂದ ಹೋಟೆಲ್‌ಗಳಲ್ಲಿ ಕ್ರಿಸ್‌ಮಸ್ ಊಟ "ಯೂಲ್‌ಬೋರ್ಡ್" ಶುರು. ಅದಕ್ಕೆ ಮುಂಚೆಯೇ ಜಾಗ ಕಾದಿರಿಸಬೇಕು.

ಗುರುವಾರ ಸೂಪ್ ಅಂತ ಏನೋ ಇದೆಯಂತೆ?

ಹೌದು. ಗುರುವಾರ ಹಳದಿ ಬಟಾಣಿ ಸೂಪ್, ಆಮೇಲೆ ಜಾಮ್, ಕೆನೆ ಜೊತೆ ಪ್ಯಾನ್‌ಕೇಕ್. ಹಿಂದೆ ಶುಕ್ರವಾರ ಉಪವಾಸ ಇದ್ದುದರಿಂದ ಗುರುವಾರವೇ ಹೊಟ್ಟೆ ತುಂಬ ತಿನ್ನುತ್ತಿದ್ದರಂತೆ. ಉಪವಾಸ ಹೋಯಿತು, ಸೂಪ್ ಉಳಿಯಿತು. ಸಸ್ಯಾಹಾರಿಗಳು ಮಾಂಸ ಇಲ್ಲದ್ದು ಇದೆಯಾ ಅಂತ ಕೇಳಿ. ಕೆಲವು ಕಡೆ ಬೇರೆಯಾಗಿ ಮಾಡಿರುತ್ತಾರೆ.

ಆ ವಾಸನೆ ಮೀನಿನ ಡಬ್ಬಿ ತಿನ್ನಲೇಬೇಕಾ?

"ಸೂರ್‌ಸ್ಟ್ರೆಮ್ಮಿಂಗ್" ಬಗ್ಗೆ ಕೇಳುತ್ತಿದ್ದೀರಿ. ಬಾಲ್ಟಿಕ್ ಸಮುದ್ರದ ಸಣ್ಣ ಹೆರಿಂಗ್ ಮೀನನ್ನು ಕಡಿಮೆ ಉಪ್ಪಿನಲ್ಲಿ ಹುದುಗಿಸಿದ್ದು. ಡಬ್ಬಿಯೊಳಗೂ ಹುದುಗು ನಡೆಯುವುದರಿಂದ ಮುಚ್ಚಳ ಉಬ್ಬಿರುತ್ತದೆ. ಅಂತರ್ಜಾಲದಲ್ಲಿ ಜನ ಡಬ್ಬಿ ತೆರೆದು ವಾಂತಿ ಮಾಡುವ ವಿಡಿಯೋ ನೋಡಿ ಯಾರೂ ತೀರ್ಪು ಕೊಡಬೇಡಿ. ಅದನ್ನು ಹಾಗೆ ಯಾರೂ ತಿನ್ನುವುದಿಲ್ಲ. ಆಗಸ್ಟ್ ಮೂರನೇ ಗುರುವಾರದ ಸುಮಾರಿಗೆ, ಹೊರಗೆ ಅಂಗಳದಲ್ಲಿ, ತೆಳ್ಳನೆಯ ರೊಟ್ಟಿಗೆ ಬೆಣ್ಣೆ ಹಚ್ಚಿ, ಆಲೂಗಡ್ಡೆ, ಈರುಳ್ಳಿ ಇಟ್ಟು, ಮೀನಿನ ಸಣ್ಣ ತುಂಡು ಇಟ್ಟು ತಿನ್ನುತ್ತಾರೆ. ಉತ್ತರದ ಕರಾವಳಿಯ ಜನರಿಗೆ ಇದು ಹೆಮ್ಮೆಯ ಊಟ. ಉಪ್ಪು ದುಬಾರಿಯಾಗಿದ್ದ ಕಾಲದಲ್ಲಿ ಮೀನು ಉಳಿಸಿಕೊಂಡ ದಾರಿ. ಬೇಡ ಅಂದರೆ ಯಾರೂ ಬಲವಂತ ಮಾಡುವುದಿಲ್ಲ.

ಸ್ಮೋರ್ಗೋಸ್‌ಬೋರ್ಡ್‌ನಲ್ಲಿ ಹೇಗೆ ತಿನ್ನಬೇಕು?

ಸ್ಮೋರ್ಗೋಸ್‌ಬೋರ್ಡ್ ಅಂದರೆ ಹಲವು ಬಗೆಯ ತಿನಿಸುಗಳನ್ನು ಮೇಜಿನ ಮೇಲೆ ಇಟ್ಟು, ನಾವೇ ಬಡಿಸಿಕೊಳ್ಳುವ ಬಫೆ ಊಟ. ಒಂದೇ ತಟ್ಟೆಗೆ ಎಲ್ಲ ಬಡಿಸಿಕೊಳ್ಳಬೇಡಿ. ಇದಕ್ಕೊಂದು ಕ್ರಮ ಇದೆ. ಮೊದಲು ಹೆರಿಂಗ್, ಆಮೇಲೆ ಬೇರೆ ತಣ್ಣನೆಯ ಮೀನು, ಆಮೇಲೆ ತಣ್ಣನೆಯ ಮಾಂಸ, ಸಲಾಡು, ಆಮೇಲೆ ಬಿಸಿಯವು, ಕೊನೆಗೆ ಸಿಹಿ. ಪ್ರತಿ ಸಲವೂ ಹೊಸ ತಟ್ಟೆ. ಹಾಕಿಕೊಂಡಿದ್ದನ್ನು ಬಿಡುವುದು ಒಳ್ಳೆಯದಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ.

ಟಿಪ್ಸ್ ಎಷ್ಟು ಕೊಡಬೇಕು? ನಗದು ನಡೆಯುತ್ತದಾ?

ಟಿಪ್ಸ್ ಕಡ್ಡಾಯ ಅಲ್ಲ. ಬಡಿಸುವವರಿಗೆ ಸರಿಯಾದ ಸಂಬಳ ಇರುತ್ತದೆ. ರಾತ್ರಿ ಊಟ ಚೆನ್ನಾಗಿತ್ತು ಅನ್ನಿಸಿದರೆ ಶೇ. 5ರಿಂದ 10 ಸೇರಿಸುತ್ತಾರೆ, ಅಥವಾ ಬಿಲ್ಲನ್ನು ದುಂಡಗೆ ಮಾಡುತ್ತಾರೆ. ಕೌಂಟರ್‌ನಲ್ಲಿ ಕಾಫಿ ತೆಗೆದುಕೊಂಡಾಗ ಕಾರ್ಡ್ ಮೆಷಿನ್ ಟಿಪ್ಸ್ ಕೇಳಿದರೂ ಸೊನ್ನೆ ಒತ್ತಿ ಮುಂದೆ ಹೋಗಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಗದು ತರುವ ಅಗತ್ಯವೇ ಇಲ್ಲ. ಎಷ್ಟೋ ಕಡೆ ನಗದು ತೆಗೆದುಕೊಳ್ಳುವುದೇ ಇಲ್ಲ ಅಂತ ಬೋರ್ಡ್ ಹಾಕಿರುತ್ತಾರೆ. ಇಲ್ಲಿಯವರು ಫೋನ್‌ನಲ್ಲಿ "ಸ್ವಿಶ್" ಮಾಡುತ್ತಾರೆ, ಅದಕ್ಕೆ ಇಲ್ಲಿನ ಬ್ಯಾಂಕ್ ಖಾತೆ ಬೇಕು. ನಿಮಗೆ ವಿದೇಶದಲ್ಲಿ ನಡೆಯುವ ಒಂದು ಕಾರ್ಡ್ ಸಾಕು. ಹೊರಡುವ ಮುಂಚೆ ಬ್ಯಾಂಕಿನಲ್ಲಿ ಅದನ್ನು ಚಾಲು ಮಾಡಿಸಿಕೊಳ್ಳುವುದನ್ನು ಮರೆಯಬೇಡಿ.

ನೀರಿಗೂ ದುಡ್ಡು ಕೊಡಬೇಕಾ?

ನಲ್ಲಿ ನೀರು ಅಂತ ಕೇಳಿದರೆ ಸಾಮಾನ್ಯವಾಗಿ ಉಚಿತ. ಬಾಟಲಿ ನೀರಿನಷ್ಟೇ ಚೆನ್ನಾಗಿರುತ್ತದೆ. ಹೋಟೆಲ್ ರೂಮಿನ ನಲ್ಲಿಯದನ್ನೂ ಧೈರ್ಯವಾಗಿ ಕುಡಿಯಬಹುದು.

ಮದ್ಯದ ನಿಯಮಗಳೇನು?

ಹೋಟೆಲ್, ಬಾರ್‌ಗಳಲ್ಲಿ 18 ವರ್ಷ. ಅಂಗಡಿಯಿಂದ ಕೊಳ್ಳಬೇಕಾದರೆ 20 ವರ್ಷ ಆಗಿರಬೇಕು, ಅದೂ ಸರ್ಕಾರದ ಸಿಸ್ಟೆಮ್‌ಬೊಲಾಗೆಟ್ ಅಂಗಡಿಯಲ್ಲಿ. ದಿನಸಿ ಅಂಗಡಿಯಲ್ಲಿ ಸಿಗುವುದು ಶೇ. 3.5ರವರೆಗಿನ ಬಿಯರ್ ಮಾತ್ರ. ಸಿಸ್ಟೆಮ್‌ಬೊಲಾಗೆಟ್ ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ಹಾಕುತ್ತದೆ, ಭಾನುವಾರ ರಜೆ. ಕುಡಿಯದವರಿಗೂ ಮರ್ಯಾದೆಯ ಆಯ್ಕೆಗಳು ತುಂಬಾ ಇವೆ. ಆಲ್ಕೋಹಾಲ್ ಇಲ್ಲದ್ದು ಕೊಡಿ ಅಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ.

ಸ್ವೀಡಿಶ್ ಮನೆಗೆ ಊಟಕ್ಕೆ ಕರೆದಿದ್ದಾರೆ. ಏನು ಗಮನಿಸಬೇಕು?

ಆರು ಗಂಟೆ ಅಂದರೆ ಆರೇ ಗಂಟೆ. ಚಪ್ಪಲಿ, ಶೂ ಬಾಗಿಲಲ್ಲೇ ಬಿಡಬೇಕು, ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಹೂವು ಅಥವಾ ಚಾಕೊಲೇಟ್ ತೆಗೆದುಕೊಂಡು ಹೋಗಿ. ನೀವು ಏನು ತಿನ್ನುವುದಿಲ್ಲ ಅನ್ನುವುದನ್ನು ಕರೆದ ದಿನವೇ ಹೇಳಿಬಿಡಿ. ಅದು ಅವರಿಗೆ ಉಪಕಾರವೇ. ಗ್ಲಾಸ್ ಎತ್ತಿ "ಸ್ಕೋಲ್" ಅನ್ನುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಗ್ಲಾಸಿನಲ್ಲಿ ಜ್ಯೂಸ್ ಇದ್ದರೂ ಪರವಾಗಿಲ್ಲ. ನಮ್ಮಲ್ಲಿಯ ಹಾಗೆ "ಇನ್ನೊಂದು ಚೂರು ಹಾಕಿಸಿಕೊಳ್ಳಿ" ಅಂತ ಮತ್ತೆ ಮತ್ತೆ ಒತ್ತಾಯ ಮಾಡುವುದಿಲ್ಲ. ಬೇಕಾದರೆ ನೀವೇ ಹಾಕಿಕೊಳ್ಳಿ. ಬೇಡ ಅಂತ ಒಂದು ಸಲ ಅಂದರೆ ಬೇಡ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ, ಸಂಕೋಚಕ್ಕೆ ಬೇಡ ಅಂದವರು ಹಸಿದುಕೊಂಡೇ ವಾಪಸ್ ಬರಬೇಕು. ಎದ್ದೇಳುವ ಮುಂಚೆ "ತಕ್ ಫೋರ್ ಮಾತೆನ್" ಅನ್ನಿ, ಅಂದರೆ ಊಟಕ್ಕೆ ಧನ್ಯವಾದ. ಮಕ್ಕಳಿಂದ ಅಜ್ಜ-ಅಜ್ಜಿಯರವರೆಗೆ ಎಲ್ಲರೂ ಅನ್ನುತ್ತಾರೆ.

ಮನೆಗೆ ಆಡಲು ಬಂದ ಪಕ್ಕದ ಮನೆ ಮಗುವಿಗೆ ಊಟ ಕೊಡುವುದಿಲ್ಲವಂತೆ?

2022ರಲ್ಲಿ ಈ ಮಾತು ಅಂತರ್ಜಾಲದಲ್ಲಿ ಜೋರಾಗಿ ಹಬ್ಬಿತು. ಪೂರ್ತಿ ಸುಳ್ಳಲ್ಲ. ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಗೆಳೆಯನನ್ನು ಕೋಣೆಯಲ್ಲಿ ಕಾಯಲು ಬಿಡುತ್ತಿದ್ದರು. ಆ ಮಗುವಿನ ಮನೆಯಲ್ಲಿ ಅಮ್ಮ ಅಡುಗೆ ಮಾಡಿ ಕಾಯುತ್ತಿರುತ್ತಾಳೆ, ಅದನ್ನು ಕೆಡಿಸಬಾರದು ಅನ್ನುವುದು ಅವರ ಯೋಚನೆ. ಯಾರ ಋಣವೂ ಬೇಡ ಅನ್ನುವ ಭಾವನೆಯೂ ಇತ್ತು. ಬಂದವರಿಗೆ ಊಟ ಹಾಕದೆ ಕಳಿಸಬಾರದು ಅಂತ ಬೆಳೆದ ನಮಗೆ ಇದು ಒಪ್ಪಿಗೆಯಾಗುವುದು ಕಷ್ಟ, ನನಗೂ ಕಷ್ಟವೇ. ಈಗ ಮಾತ್ರ ಪೋಷಕರು ಒಂದು ಮೆಸೇಜ್ ಹಾಕಿ ಕೇಳಿಕೊಂಡು ಮಗುವನ್ನು ಊಟಕ್ಕೆ ಕೂರಿಸುವುದೇ ಸಾಮಾನ್ಯ.

ಹೋಟೆಲ್ ಬಿಲ್‌ನಲ್ಲೂ ಇದೇ ಸ್ವಭಾವ ಕಾಣುತ್ತದೆ. ಗೆಳೆಯರ ಜೊತೆ ಹೋದರೆ ಅವರವರದ್ದು ಅವರವರು ಕೊಡುತ್ತಾರೆ. ಎಷ್ಟು ಜನರಿದ್ದರೂ ಬೇರೆ ಬೇರೆ ಬಿಲ್ ಮಾಡಿಕೊಡಲು ಬಡಿಸುವವರು ಬೇಸರಪಡುವುದಿಲ್ಲ.

ಮಕ್ಕಳ ಜೊತೆ ಬರುತ್ತಿದ್ದೇವೆ. ತೊಂದರೆ ಆಗುತ್ತದಾ?

ಆಗುವುದಿಲ್ಲ. ಎತ್ತರದ ಕುರ್ಚಿ, ಮಕ್ಕಳ ಮೆನು, ಮಗುವಿನ ಊಟ ಬಿಸಿ ಮಾಡಲು ಮೈಕ್ರೋವೇವ್ ಬಹಳಷ್ಟು ಕಡೆ ಇರುತ್ತದೆ. ಶನಿವಾರ ಮಾತ್ರ ಮಿಠಾಯಿ ಅನ್ನುವ ಪದ್ಧತಿ ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಅಂಗಡಿಯಲ್ಲಿ ಬೇಕಾದ ಮಿಠಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ತೂಕ ಹಾಕಿಸುತ್ತಾರೆ. ಈ ಪದ್ಧತಿಯ ಹಿಂದೆ ಒಂದು ನೋವಿನ ಕಥೆ ಇದೆ. 1940ರ ದಶಕದಲ್ಲಿ ಲುಂಡ್ ನಗರದ ವೀಪೆಹೋಲ್ಮ್ ಆಸ್ಪತ್ರೆಯಲ್ಲಿ, ಬುದ್ಧಿಮಾಂದ್ಯರಾದ ರೋಗಿಗಳಿಗೆ ಅವರ ಒಪ್ಪಿಗೆ ಇಲ್ಲದೆ ಅಂಟು ಮಿಠಾಯಿ ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಪರೀಕ್ಷಿಸಿದರು. ಸಕ್ಕರೆಯಿಂದ ಹಲ್ಲು ಹಾಳಾಗುತ್ತದೆ ಅನ್ನುವುದು ಹೀಗೆ ಸಾಬೀತಾಯಿತು, ವಾರಕ್ಕೊಮ್ಮೆ ಮಾತ್ರ ಮಿಠಾಯಿ ತಿನ್ನಿ ಅನ್ನುವ ಸಲಹೆ ಬಂತು. ಆ ರೋಗಿಗಳ ಹಲ್ಲು ಹೋಯಿತು. ಇದನ್ನು ದೊಡ್ಡ ಮಕ್ಕಳಿಗೆ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಕಪ್ಪು ಬಣ್ಣದ ಮಿಠಾಯಿಗಳು ಉಪ್ಪು ಹಾಕಿದ ಜೇಷ್ಠಮಧುವಿನವು. ಮೊದಲು ಒಂದೇ ಒಂದು ತಿಂದು ನೋಡಿ.

ಒಂದೊಂದು ಊರಲ್ಲಿ ಒಂದೊಂದು ಜಾಗ ಹೇಳಿ.

ಸ್ಟಾಕ್‌ಹೋಮ್‌ನಲ್ಲಿ ಓಸ್ಟರ್‌ಮಾಲ್ಮ್ಸ್ ಸಲುಹಾಲ್, 1888ರ ಕೆಂಪಿಟ್ಟಿಗೆ ಮಾರುಕಟ್ಟೆ. ಕೊಳ್ಳದಿದ್ದರೂ ನೋಡಲೇಬೇಕು. ಕಡಿಮೆ ಖರ್ಚಿಗೆ ಹೋತೊರ್ಗೆಟ್ ಚೌಕದ ಕೆಳಗಿನ ಮಾರುಕಟ್ಟೆ, ಅಲ್ಲಿ ಹಲವು ದೇಶಗಳ ಊಟ ಸಿಗುತ್ತದೆ. ಹಳೆಯ ಊರಿನಲ್ಲಿ ದೆನ್ ಯಿಲ್ಡೆನೆ ಫ್ರೇದೆನ್ ಇದೆ, 1722ರಿಂದ ನಡೆಯುತ್ತಿರುವ ಹೋಟೆಲ್. ಅದರ ಒಡೆತನ ಸಾಹಿತ್ಯದ ನೊಬೆಲ್ ಆಯ್ಕೆ ಮಾಡುವ ಸ್ವೀಡಿಶ್ ಅಕಾಡೆಮಿಯದು, ಸದಸ್ಯರು ಗುರುವಾರ ಅಲ್ಲೇ ಊಟ ಮಾಡುತ್ತಾರೆ. ಗೋಥೆನ್‌ಬರ್ಗ್‌ನಲ್ಲಿ 1874ರ ಮೀನು ಮಾರುಕಟ್ಟೆ ಫೆಸ್ಕೆಶೋರ್ಕಾ. ಹೊರಗಿಂದ ನೋಡಿದರೆ ಚರ್ಚ್ ಅಂತಲೇ ಅನಿಸುತ್ತದೆ. ಅದೇ ಊರಿನ ಹಾಗಾ ಬಡಾವಣೆಯಲ್ಲಿ ತಟ್ಟೆಯಷ್ಟು ದೊಡ್ಡ ದಾಲ್ಚಿನ್ನಿ ಬನ್ ಸಿಗುತ್ತದೆ, ನಾಲ್ಕು ಜನಕ್ಕೆ ಒಂದು ಸಾಕು. ಮಾಲ್ಮೋದಲ್ಲಿ ಮೊಲ್ಲೆವೋಂಗೆನ್ ಬಡಾವಣೆಯ ಫಲಾಫೆಲ್.

ಊರಿಂದ ಏನು ತರಬಹುದು? ಅನ್ನ-ಮೊಸರು ಇಲ್ಲದೆ ನಮ್ಮಪ್ಪನಿಗೆ ಆಗುವುದೇ ಇಲ್ಲ.

ಚಟ್ನಿಪುಡಿ, ಸಾರಿನ ಪುಡಿ, ಒಣಗಿಸಿದ ಮಸಾಲೆ ತನ್ನಿ. ಮಾಂಸ, ಹಾಲು, ತುಪ್ಪ, ಪನೀರ್ ಇವುಗಳನ್ನು ಯುರೋಪ್ ಒಕ್ಕೂಟದ ಹೊರಗಿಂದ ಸಾಮಾನಿನಲ್ಲಿ ತರುವಂತಿಲ್ಲ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣೂ ಪ್ರಮಾಣಪತ್ರ ಇಲ್ಲದೆ ಬರುವಂತಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರಕ್ಕೆ ವಿನಾಯಿತಿ ಇದೆ. ದೊಡ್ಡ ನಗರಗಳಲ್ಲಿ ಭಾರತದ ದಿನಸಿ ಅಂಗಡಿಗಳಿವೆ, ಅಕ್ಕಿ, ಬೇಳೆ, ತುಪ್ಪ ಅಲ್ಲೇ ಸಿಗುತ್ತವೆ.

ಮೊಸರಿನ ಬಗ್ಗೆ ಚಿಂತೆ ಬೇಡ. ಯಾವುದೇ ದಿನಸಿ ಅಂಗಡಿಯ ಹಾಲಿನ ಕಪಾಟಿನಲ್ಲಿ "ಫಿಲ್" ಅಂತ ಡಬ್ಬಿ ಇರುತ್ತದೆ. ಹುಳಿ ಕಡಿಮೆ ಇರುವ ತೆಳು ಮೊಸರು ಅದು. ಹಣ್ಣು, ವೆನಿಲ್ಲಾ ಸೇರಿಸಿದ್ದೂ ಪಕ್ಕದಲ್ಲೇ ಇರುತ್ತದೆ, ಬರೀ "ನತುರೆಲ್" ಅಂತ ಬರೆದದ್ದನ್ನು ನೋಡಿ ತೆಗೆದುಕೊಳ್ಳಿ. ಗಟ್ಟಿ ಮೊಸರು ಬೇಕಾದರೆ ಶೇ. 10 ಕೊಬ್ಬಿನ ಟರ್ಕಿಶ್ ಯೋಗರ್ಟ್. ಎರಡನ್ನೂ ಅರ್ಧರ್ಧ ಬೆರೆಸಿ ಬಿಸಿ ಆರಿದ ಅನ್ನಕ್ಕೆ ಕಲಸಿ, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಲಿಂಗೋನ್ ಹಣ್ಣು ನಾಲ್ಕು ಉದುರಿಸಿ. ದಾಳಿಂಬೆ ಬದಲು ಅದು ಚೆನ್ನಾಗಿ ಹೊಂದುತ್ತದೆ.